ಜೂನ್ ಒಂದರಂದು ಹುಟ್ಟಿದವರು

2021ರ ಸೆಪ್ಟೆಂಬರ್ ಕೊನೆಯ ವಾರ. ಪವಾಯಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಅವ್ವನ ಮೂರು ಕಾಗದಗಳಿದ್ದವು. ಒಂದು ಪಾಸ್‌ಪೋರ್ಟ್. ಅದರ ಪ್ರಕಾರ ಅವಳು ಹುಟ್ಟಿದ್ದು 1954ರ ಜೂನ್ 1ರಂದು. ಇನ್ನೊಂದು ಗುರುತಿನ ಚೀಟಿ. ಎಷ್ಟೋ ವರ್ಷದ ಹಿಂದೆ ಊರಿನ ಶಿಬಿರವೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ ಅವ್ವನ ಮುಖ ನೋಡಿ ಅಂದಾಜಿನ ಮೇಲೆ 1952 ಎಂದಷ್ಟೇ ಒತ್ತಿದ್ದ. ಮೂರನೆಯದು ಕೋವಿಡ್ ಲಸಿಕೆಯ ಪ್ರಮಾಣಪತ್ರ. ಅದರಲ್ಲಿ ಹುಟ್ಟಿದ ದಿನವೇ ಇಲ್ಲ, ವಯಸ್ಸು 69 ಎಂದಿತ್ತು. ಪಾಸ್‌ಪೋರ್ಟಿನ ಅವ್ವನಿಗೆ 67.

ತಂಗಿ ಲಂಡನ್ನಿನಲ್ಲಿ ಚೊಚ್ಚಲ ಬಸುರಿ. ಅಕ್ಟೋಬರ್ ಮೊದಲ ವಾರ ದಿನ ಕೊಟ್ಟಿದ್ದರು. ಬಾಣಂತನಕ್ಕೆ ಅವ್ವ ಹೋಗಬೇಕು. ಅಂಟಿನುಂಡೆ, ಖಾರದಪುಡಿ, ಹಳೇ ಮೆತ್ತನೆ ಸೀರೆಯ ದುಪ್ಪಟಿ ಎಲ್ಲ ಕಟ್ಟಿಟ್ಟಾಗಿತ್ತು. ಆದರೆ ಬ್ರಿಟನ್ ಸರ್ಕಾರ ಆ ತಿಂಗಳು ಹೊರಡಿಸಿದ ಹೊಸ ನಿಯಮದಲ್ಲಿ ಒಂದು ವಿಚಿತ್ರವಿತ್ತು. ಅವ್ವ ಹಾಕಿಸಿಕೊಂಡಿದ್ದ ಕೋವಿಶೀಲ್ಡ್ ಅವರಿಗೆ ಒಪ್ಪಿಗೆ. ಅದು ಅವರದೇ ಆಕ್ಸ್‌ಫರ್ಡ್ ಲಸಿಕೆ, ತಯಾರಾದದ್ದು ಪುಣೆಯಲ್ಲಿ ಅಷ್ಟೇ. ಆದರೆ ಅದನ್ನು ಹಾಕಿಸಿಕೊಂಡಿದ್ದೇವೆ ಎಂದು ಭಾರತ ಕೊಡುವ ಕಾಗದ ಒಪ್ಪಿಗೆಯಿಲ್ಲ. ಹೋದವರು ಹತ್ತು ದಿನ ಒಂದು ಮನೆಯೊಳಗೇ ಇರಬೇಕು.

"ಸೂಜಿ ಖರೇ, ಚೀಟಿ ಸುಳ್ಳು ಅಂತಾರೇನು?" ಎಂದಳು ಅವ್ವ. ಆಮೇಲೆ ಪಾಸ್‌ಪೋರ್ಟ್ ಕೈಗೆತ್ತಿಕೊಂಡು, "ಹಂಗ ನೋಡಿದ್ರ ಇದೂ ಸುಳ್ಳ ನೋಡಪಾ. ನಾ ಹುಟ್ಟಿದ್ದು ಸೀಗೀ ಹುಣ್ಣಿವಿ ಮರುದಿನ. ಜೂನ್ ಒಂದು ಮಾಸ್ತರ ಬರದದ್ದು" ಎಂದಳು.

ನಮ್ಮ ಕಡೆ ಇದು ಯಾರಿಗೂ ಹೊಸದಲ್ಲ. ಶಾಲೆ ಸೇರುವಾಗ ಮಾಸ್ತರರು ಲೆಕ್ಕ ಸುಲಭವಾಗಲೆಂದು ಬರೆದುಕೊಂಡ ತಾರೀಖು ಅದು. ನನ್ನ ಮಾವಂದಿರು, ದೊಡ್ಡಪ್ಪ, ಅಪ್ಪನ ಗೆಳೆಯರು, ಎಲ್ಲರೂ ಜೂನ್ ಒಂದರಂದೇ ಹುಟ್ಟಿದವರು. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಅದರಲ್ಲಿ ಬಹುಪಾಲು ಆಸ್ಪತ್ರೆಗಳ ಮಾಹಿತಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯೋಜನೆಗಳಲ್ಲೇ ಕಳೆದ ನನಗೆ, ಅವ್ವನ ಈ ಮಾತು ಆ ರಾತ್ರಿ ನಿದ್ದೆ ಕೆಡಿಸಿತು. ಒಬ್ಬರ ದೇಹದ ಬಗ್ಗೆ ಇಲ್ಲಿ ಬರೆದ ಮಾತನ್ನು ಸಮುದ್ರದಾಚೆಯವನು ನಂಬುವುದು ಹೇಗೆ? ನಾವು ಅದನ್ನು ಹೊಸ ಪ್ರಶ್ನೆ ಎಂದುಕೊಂಡಿದ್ದೇವೆ. ಈ ಮುಂಬಯಿಯಲ್ಲೇ 1896ರಲ್ಲಿ ಅದು ಎದ್ದಿತ್ತು.

ಧೋಬಿ ತಲಾವ್ ಕಡೆ ಹೋದವರು ಮೆಟ್ರೋ ಸಿನೆಮಾ ಹತ್ತಿರ ಒಂದು ಪ್ರತಿಮೆ ನೋಡಿರಬಹುದು. ನೋಡಿಯೂ ಯಾರೆಂದು ಕೇಳದೆ ದಾಟಿರಬಹುದು, ನಾನು ಹಾಗೆ ಹತ್ತಾರು ಸಲ ದಾಟಿದ್ದೇನೆ. ಅದು ಡಾ. ಅಕಾಸಿಯೋ ಗೇಬ್ರಿಯಲ್ ವಿಯೇಗಾಸ್ ಅವರದು. ಗೋವಾ ಮೂಲದ ವೈದ್ಯರು, ನಗರಪಾಲಿಕೆಯ ಸದಸ್ಯರು. 1896ರ ಸೆಪ್ಟೆಂಬರ್‌ನಲ್ಲಿ ಬಂದರಿಗೆ ಹತ್ತಿಕೊಂಡ ಮಾಂಡವಿಯಲ್ಲಿ ಜ್ವರ ಬಂದು ಗಡ್ಡೆಯೆದ್ದ ರೋಗಿಗಳನ್ನು ನೋಡಿ ಅವರು ಇದು ಪ್ಲೇಗ್ ಎಂದರು. ಅಷ್ಟು ಹೇಳುವುದು ಸಣ್ಣ ಮಾತಾಗಿರಲಿಲ್ಲ.

ಏಕೆಂದರೆ ಆ ಕಾಲದಲ್ಲಿ ಹಡಗೊಂದು ಬಂದರು ಬಿಡುವಾಗ ಅಲ್ಲಿನ ಅಧಿಕಾರಿಯಿಂದ ಆರೋಗ್ಯಪತ್ರವೊಂದನ್ನು ಪಡೆಯಬೇಕಿತ್ತು. ಯುರೋಪಿನ ಬಂದರುಗಳಲ್ಲಿ ಇದು ಶತಮಾನಗಳ ಹಳೆಯ ಪದ್ಧತಿ. ಊರಿನಲ್ಲಿ ಸಾಂಕ್ರಾಮಿಕ ರೋಗವಿಲ್ಲ ಎಂದರೆ 'ಕ್ಲೀನ್', ಇದೆ ಎಂದರೆ 'ಫೌಲ್'. ಕ್ಲೀನ್ ಬಿಲ್ ಆಫ್ ಹೆಲ್ತ್ ಎಂದು ಇಂದು ನಮ್ಮ ಲೆಕ್ಕಪರಿಶೋಧಕರೂ ಬಳಸುವ ನುಡಿ ಬಂದದ್ದು ಅಲ್ಲಿಂದ. ಫೌಲ್ ಪತ್ರ ಹಿಡಿದ ಹಡಗು ಮುಂದಿನ ಬಂದರಿನಲ್ಲಿ ದಿನಗಟ್ಟಲೆ ಕಾಯಬೇಕು. ಅಂದರೆ ಹತ್ತಿ ಕಾಯಬೇಕು, ಗೋಧಿ ಕಾಯಬೇಕು, ಹಣ ಕಾಯಬೇಕು. ರೋಗದ ಸುದ್ದಿಯನ್ನು ಪ್ರಾಮಾಣಿಕವಾಗಿ ಹೇಳಿದ ಊರೇ ಮೊದಲು ಶಿಕ್ಷೆ ಅನುಭವಿಸಬೇಕು. ಮುಂಬಯಿಯ ಅಧಿಕಾರಿಗಳು 'ಪ್ಲೇಗ್' ಎಂಬ ಹೆಸರು ಬಾಯಿಗೆ ತಂದುಕೊಳ್ಳಲು ಹಿಂಜರಿದದ್ದು, ವಿಯೇಗಾಸರ ಮಾತನ್ನು ಬೇರೆ ತಜ್ಞರಿಂದ ಪರೀಕ್ಷೆ ಮಾಡಿಸಿದ್ದು, ಇವೆಲ್ಲ ವೈದ್ಯಕೀಯ ಎಚ್ಚರಿಕೆ ಮಾತ್ರವಾಗಿರಲಿಲ್ಲ.

ಸುದ್ದಿ ನಿಲ್ಲಲಿಲ್ಲ. 1870ರಿಂದಲೇ ಮುಂಬಯಿಯಿಂದ ಏಡನ್, ಸುಯೆಜ್ ಮೂಲಕ ಲಂಡನ್ನಿಗೆ ಸಮುದ್ರದಡಿಯ ತಂತಿ ಇತ್ತು. ರೋಗ ಹಡಗಿನ ವೇಗದಲ್ಲಿ ಹೋದರೆ ಅದರ ವಾರ್ತೆ ತಂತಿಯ ವೇಗದಲ್ಲಿ ಹೋಯಿತು. 1897ರ ಫೆಬ್ರುವರಿಯಲ್ಲಿ ವೆನಿಸ್‌ನಲ್ಲಿ ಯುರೋಪಿನ ದೇಶಗಳು ಸಮ್ಮೇಳನ ಸೇರಿದವು. ವಿಷಯ ಒಂದೇ: ಮುಂಬಯಿಯ ಪ್ಲೇಗ್. ಪ್ಲೇಗ್ ಕಂಡೊಡನೆ ತಂತಿ ಮೂಲಕ ಬೇರೆ ದೇಶಗಳಿಗೆ ತಿಳಿಸಬೇಕು ಎಂಬ ಕರಾರು ಅಲ್ಲಿ ಆಯಿತು. ಅದೇ ಹೊತ್ತಿಗೆ ಇಲ್ಲಿಂದ ಹಜ್ ಯಾತ್ರಿಕರು ಹೊರಡುವುದನ್ನೇ ಸರ್ಕಾರ ನಿಲ್ಲಿಸಿತು. ಅಂದು ಭಾರತದ ಹಜ್ ಯಾತ್ರೆಗೆ ಮುಂಬಯಿ ದೊಡ್ಡ ಬಾಗಿಲು. ಯಾತ್ರೆ ನಡೆದ ವರ್ಷಗಳಲ್ಲೂ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಯಾತ್ರಿಕರನ್ನು ಇಳಿಸಿ ತಡೆದಿಡುತ್ತಿದ್ದರು.

ಅದೇ 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲಿ ನಮ್ಮನ್ನು ಮನೆಯೊಳಗೆ ಕೂರಿಸಿದವುಗಳಲ್ಲಿ ಈ ಕಾಯ್ದೆಯೂ ಒಂದು. ರೈಲಿನಲ್ಲಿ ಬಂದವರನ್ನು ಇಳಿಸಿ ಪರೀಕ್ಷಿಸಬಹುದು, ಅನುಮಾನ ಬಂದವರನ್ನು ಬೇರೆ ಇಡಬಹುದು. ಪುಣೆಯಲ್ಲಿ ಮನೆ ಹೊಕ್ಕು ಹುಡುಕಿದ ರೀತಿಗೆ ಜನ ಸಿಟ್ಟಿಗೆದ್ದು, ಆ ವರ್ಷ ಪ್ಲೇಗ್ ಅಧಿಕಾರಿ ರ್‍ಯಾಂಡ್ ಚಾಪೇಕರ್ ಸೋದರರ ಗುಂಡಿಗೆ ಬಲಿಯಾದ.

ಎಂಟು ಲಕ್ಷ ಮೀರಿದ ಮುಂಬಯಿಯಿಂದ ಆ ಚಳಿಗಾಲ ಅರ್ಧದಷ್ಟು ಜನ ಊರು ಬಿಟ್ಟರು ಎಂದು ಅಂದಾಜು. ನಮ್ಮವರೂ ಅದರಲ್ಲಿದ್ದರು. ಅಂದಿನ ಗಡಿಗಳು ಇಂದಿನವಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಮಂಗಳೂರು, ಉಡುಪಿ, ಕಾಸರಗೋಡು ಮದ್ರಾಸ್ ಪ್ರಾಂತ್ಯದಲ್ಲಿ. ಮೈಸೂರು ಮಹಾರಾಜರದು. ಕನ್ನಡ ನಾಡಿಗೆ ನಾಡೇ ಹಲವು ಆಡಳಿತಗಳ ಗಡಿಗಳಲ್ಲಿ ಹಂಚಿಹೋಗಿತ್ತು. ಮುಂಬಯಿ ಬಿಟ್ಟು ಊರಿಗೆ ಹೊರಟ ಕನ್ನಡಿಗ ಯಾವ ದಿಕ್ಕಿಗೆ ಹೋಗುತ್ತಾನೆ ಎಂಬುದರ ಮೇಲೆ ಅವನ ಪಾಡು ನಿಂತಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ರೋಗದ ಊರಿಂದ ಬಂದವರಿಗೆ 'ಪ್ಲೇಗ್ ಪಾಸ್‌ಪೋರ್ಟ್' ಎಂಬ ಚೀಟಿ ಕೊಡುವ ವ್ಯವಸ್ಥೆ ಬಂತು. ಹೆಸರು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು ಎಲ್ಲ ಅದರಲ್ಲಿ. ಊರು ಸೇರಿದ ಮೇಲೆ ಹತ್ತು ದಿನ ಅಧಿಕಾರಿಯ ಮುಂದೆ ಹಾಜರಿ ಹಾಕಬೇಕು. ಪ್ಲೇಗ್ ಮೈಯಲ್ಲಿ ಅಡಗಿರುವ ಅವಧಿಗೆ ಅವರು ಇಟ್ಟುಕೊಂಡ ಲೆಕ್ಕ ಹತ್ತು ದಿನ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ಅವ್ವನಿಗೂ ಅದೇ ಹತ್ತು ದಿನ ಬಂದದ್ದು ಕಾಕತಾಳೀಯವಿರಬಹುದು. ಆದರೂ ಓದುವಾಗ ಮೈ ಜುಮ್ಮೆಂದಿತು.

ಇಷ್ಟಾಗಿಯೂ ರೋಗ ರೈಲು ಹತ್ತಿ ಹುಬ್ಬಳ್ಳಿ, ಧಾರವಾಡಕ್ಕೆ ಬಂತು, 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಅದರ ಮರುವರ್ಷಗಳಲ್ಲಿ.

ಇಲ್ಲಿ ನನ್ನ ಕಸುಬಿನ ಕಣ್ಣಿಗೆ ಬಿದ್ದ ಒಂದು ಸಂಗತಿ ಹೇಳಬೇಕು. ಅಂದು ದೇಶದಾಚೆಗೆ ಹೋದದ್ದು ಬರೀ ಅಂಕಿ: ಮುಂಬಯಿ, ಪ್ಲೇಗ್, ಈ ವಾರ ಇಷ್ಟು ಸಾವು. ಮಾಂಡವಿಯ ಸತ್ತವನ ಹೆಸರು ವೆನಿಸ್‌ಗೆ ಬೇಕಿರಲಿಲ್ಲ. ಹೆಸರು ಬೇಕಾದದ್ದು ಒಳಗಿನವರಿಗೆ, ಮನೆ ಹುಡುಕುವವರಿಗೆ, ಹಾಜರಿ ಕರೆಯುವವರಿಗೆ. ಮಾಹಿತಿ ದೂರ ಹೋದಷ್ಟೂ ಅದರಿಂದ ಮನುಷ್ಯ ಉದುರಿಹೋಗುತ್ತಿದ್ದ. ಇದು ಕರುಣೆಯಿಂದ ಆದದ್ದಲ್ಲ. ತಂತಿಯಲ್ಲಿ ಪದಕ್ಕಿಷ್ಟು ಎಂದು ದುಡ್ಡು ಕೊಡಬೇಕಿತ್ತು, ಅಷ್ಟೇ. ಆದರೂ ಪರಿಣಾಮ ಒಳ್ಳೆಯದೇ ಇತ್ತು.

ಈ ಮಿತವ್ಯಯವನ್ನು ಒಂದು ಶಾಸ್ತ್ರವನ್ನಾಗಿ ಮಾಡಿದ್ದು ಸಿಂಗಾಪುರದ ಕಚೇರಿ. ರಾಷ್ಟ್ರಸಂಘದ ಆರೋಗ್ಯ ಸಂಸ್ಥೆ 1925ರಲ್ಲಿ ಅಲ್ಲಿ ಪೂರ್ವ ದೇಶಗಳ ಸಾಂಕ್ರಾಮಿಕ ವಾರ್ತಾ ಕೇಂದ್ರ ತೆರೆಯಿತು. ಹಣದಲ್ಲಿ ದೊಡ್ಡ ಪಾಲು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ್ದು. ಮುಂಬಯಿ ಸೇರಿ ಏಷ್ಯಾ ಮತ್ತು ಆಫ್ರಿಕಾದ ಪೂರ್ವ ತೀರದ ಬಂದರುಗಳಿಂದ ವಾರವಾರ ತಂತಿ ಬರುತ್ತಿತ್ತು. ಕೆಲವೇ ವರ್ಷದಲ್ಲಿ ಅವುಗಳ ಸಂಖ್ಯೆ ನೂರು ದಾಟಿತು. ಬಂದರು, ರೋಗ, ಎಷ್ಟು ಜನಕ್ಕೆ ಬಂತು, ಎಷ್ಟು ಜನ ಸತ್ತರು ಎಂಬುದನ್ನೆಲ್ಲ ಕೆಲವೇ ಅಕ್ಷರಕ್ಕೆ ಇಳಿಸಲು ಒಂದು ಸಂಕೇತ ಪುಸ್ತಕವನ್ನೇ ಮಾಡಿದ್ದರು. ಒಟ್ಟುಗೂಡಿಸಿದ ಸುದ್ದಿಯನ್ನು ರೇಡಿಯೋದಲ್ಲಿ ಬಿತ್ತರಿಸಿದರೆ ಎಲ್ಲ ಬಂದರುಗಳೂ ನಡುಗಡಲಿನ ಹಡಗುಗಳೂ ಕೇಳಿ ಬರೆದುಕೊಳ್ಳುತ್ತಿದ್ದವು. ಇಂದು ನಾವು ಯಾವುದಕ್ಕೆ ದೊಡ್ಡ ದೊಡ್ಡ ಹೆಸರಿಟ್ಟು ಸ್ಲೈಡ್ ತೋರಿಸುತ್ತೇವೋ ಅದನ್ನು ಅವರು ಮೋರ್ಸ್ ಸದ್ದಿನಲ್ಲಿ ಮಾಡಿದರು. 1942ರಲ್ಲಿ ಸಿಂಗಾಪುರ ಜಪಾನಿನ ಕೈಗೆ ಬಿದ್ದಾಗ ಅದು ಮುಚ್ಚಿತು.

ಯುದ್ಧ ಮುಗಿದ ಮೇಲೆ ಮಾಹಿತಿ ಮತ್ತೆ ಮನುಷ್ಯನ ಕೈಗೇ ಬಂತು, ಹಳದಿ ಕಾರ್ಡಿನ ರೂಪದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 1951ರಲ್ಲಿ ಒಪ್ಪಿದ ನಿಯಮಗಳ ಪ್ರಕಾರ ಸಿಡುಬು, ಕಾಲರಾ, ಹಳದಿ ಜ್ವರದ ಲಸಿಕೆಯ ದಾಖಲೆ ಪಾಸ್‌ಪೋರ್ಟ್ ಜೊತೆ ಇರಬೇಕಾಯಿತು. ಗಲ್ಫಿಗೆ, ಪೂರ್ವ ಆಫ್ರಿಕಕ್ಕೆ ಹೋದ ಕರಾವಳಿಯ ಹಿರಿಯರ ಟ್ರಂಕಿನ ತಳದಲ್ಲಿ ಇಂದಿಗೂ ಅಂಥ ಕಾರ್ಡು ಸಿಗುತ್ತದೆ. ನಮ್ಮ ಕಟ್ಟಡದಲ್ಲಿರುವ ಕಾಪು ಕಡೆಯ ಅಜ್ಜರೊಬ್ಬರು, ಎಪ್ಪತ್ತರ ದಶಕದಲ್ಲಿ ಹಡಗು ಹತ್ತುವ ಮುನ್ನ ಚುಚ್ಚಿಸಿಕೊಳ್ಳದೆಯೇ ಮೊಹರು ಒತ್ತಿಸಿಕೊಂಡ ಕತೆಯನ್ನು ಈಗಲೂ ನಗುತ್ತಾ ಹೇಳುತ್ತಾರೆ. ಕಾರ್ಡು ಒಳ್ಳೆಯ ಉಪಾಯವೇ. ರೋಗಿ ತನ್ನ ಮಾಹಿತಿಯನ್ನು ತಾನೇ ಹೊತ್ತೊಯ್ಯುತ್ತಾನೆ, ಯಾರಿಗೆ ತೋರಿಸಬೇಕೋ ಅವರಿಗೆ ಮಾತ್ರ ತೋರಿಸುತ್ತಾನೆ, ಮತ್ತೆ ಜೇಬಿಗಿಡುತ್ತಾನೆ. ಅದರ ದೌರ್ಬಲ್ಯವೆಲ್ಲ ಆ ರಬ್ಬರ್ ಮೊಹರಿನಲ್ಲಿತ್ತು.

ಮಧ್ಯೆ 1994 ಬಂತು. ಸೂರತ್‌ನಲ್ಲಿ ಪ್ಲೇಗ್ ಎಂಬ ಸುದ್ದಿ ಹಬ್ಬಿದ್ದೇ ತಡ, ಕೆಲವು ದೇಶಗಳು ಭಾರತದ ವಿಮಾನಗಳನ್ನೇ ತಡೆದವು. ನೂರು ವರ್ಷ ಕಳೆದರೂ 'ಫೌಲ್' ಪತ್ರದ ಹೆದರಿಕೆ ಹಾಗೇ ಇತ್ತು. ಆಮೇಲೆ ಬಂದ 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಲ್ಲಿ, 24 ಗಂಟೆಯೊಳಗೆ ಸುದ್ದಿ ತಿಳಿಸಬೇಕು ಎನ್ನುವುದರ ಜೊತೆಗೇ, ಗುರುತು ಹತ್ತುವಂಥ ವ್ಯಕ್ತಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕು ಎಂಬ ಒಂದು ವಿಧಿಯನ್ನೇ, 45ನೆಯದನ್ನು, ಸೇರಿಸಿದರು. ರೋಗಿಗೂ ಒಂದು ಹೆಸರಿದೆ, ಆ ಹೆಸರಿಗೆ ಒಂದು ಮಾನವಿದೆ ಎಂದು ನಿಯಮ ಪುಸ್ತಕ ಒಪ್ಪುವ ಹೊತ್ತಿಗೆ ಇಪ್ಪತ್ತೊಂದನೇ ಶತಮಾನ ಬಂದಿತ್ತು.

ಅಷ್ಟರಲ್ಲಿ ಹೆಸರುಗಳು ಬೇರೊಂದು ದಾರಿಯಲ್ಲಿ ಗಡಿ ದಾಟಲು ಶುರು ಮಾಡಿಬಿಟ್ಟಿದ್ದವು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಬಂತು. ಅಮೆರಿಕದ ವೈದ್ಯ ಸಂಜೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿಯ ಹುಡುಗಿಯರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡಿ, ಅವರು ಏಳುವ ಹೊತ್ತಿಗೆ ಕಳಿಸುತ್ತಿದ್ದರು. ಬಿಎಸ್ಸಿ ಮುಗಿಸಿದ ನನ್ನ ಎಷ್ಟೋ ಗೆಳತಿಯರ ಮೊದಲ ಸಂಬಳ ಅದು. ಈ ಸಲ ತಂತಿಯಲ್ಲಿ ಹರಿದದ್ದು ಅಂಕಿಯಲ್ಲ. ಹೆಸರು, ವಯಸ್ಸು, ಕುಡಿತದ ಚಟ, ಗರ್ಭಪಾತ, ಎಲ್ಲವೂ. ಅಮೆರಿಕದ 1996ರ ಹಿಪಾ ಕಾಯ್ದೆಯ ಗೋಪ್ಯತೆಯ ನಿಯಮಗಳು ಪಾಲನೆಗೆ ಬಂದದ್ದು 2003ರ ಏಪ್ರಿಲ್‌ನಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಕರಾಚಿಯಿಂದ ಒಂದು ಇಮೇಲ್ ಹೋಯಿತು. ನನಗೆ ಬರಬೇಕಾದ ಕೂಲಿ ಕೊಡಿಸಿ, ಇಲ್ಲವಾದರೆ ನಿಮ್ಮ ರೋಗಿಗಳ ದಾಖಲೆ ಇಂಟರ್‌ನೆಟ್ಟಿಗೆ ಹಾಕುತ್ತೇನೆ ಎಂದು. ಜೊತೆಗೆ ನಿಜವಾದ ದಾಖಲೆಗಳೂ ಇದ್ದವು. ಆಸ್ಪತ್ರೆ ಕೆಲಸ ಕೊಟ್ಟದ್ದು ಹತ್ತಿರದ ಒಂದು ಕಂಪನಿಗೆ. ಅದು ಫ್ಲೋರಿಡಾಕ್ಕೆ, ಅಲ್ಲಿಂದ ಟೆಕ್ಸಾಸ್‌ಗೆ, ಅಲ್ಲಿಂದ ಕರಾಚಿಗೆ ಕೈ ದಾಟಿತ್ತು. ಕರಾಚಿಯ ಆ ಹೆಂಗಸಿನ ಹೆಸರೇ ಆಸ್ಪತ್ರೆಗೆ ಗೊತ್ತಿರಲಿಲ್ಲ. ಅವಳಿಗೆ ಮಾತ್ರ ಆ ಆಸ್ಪತ್ರೆಯ ರೋಗಿಗಳ ಹೆಸರು, ರೋಗ ಎಲ್ಲ ಗೊತ್ತಿತ್ತು.

ಅವಳನ್ನು ದೂರುವುದು ಸುಲಭ. ನನಗೆ ಅಷ್ಟು ಸುಲಭವಾಗುವುದಿಲ್ಲ. ನನ್ನ ಮೊದಮೊದಲ ಯೋಜನೆಯೊಂದರಲ್ಲಿ, ಪರೀಕ್ಷೆಗೆಂದು ನಮಗೆ ಕೊಟ್ಟ ಡೇಟಾಬೇಸ್ ಪರೀಕ್ಷೆಯದಾಗಿರಲಿಲ್ಲ. ಯಾರೋ ಅವಸರದಲ್ಲಿ ನಿಜವಾದದ್ದನ್ನೇ ನಕಲು ಹೊಡೆದು ಕಳಿಸಿದ್ದರು. ಎಲ್ಲೋ ಸಮುದ್ರದಾಚೆಯ ಸಣ್ಣ ಊರಿನ ಎಪ್ಪತ್ತು ದಾಟಿದ ಹೆಂಗಸೊಬ್ಬಳ ಹೆಸರು, ಅವಳ ರೋಗ, ಅವಳನ್ನು ನೋಡಲು ಯಾರೂ ಬರುತ್ತಿಲ್ಲ ಎಂದು ನರ್ಸ್ ಬರೆದ ಒಂದು ಸಾಲು ನನ್ನ ಪರದೆಯ ಮೇಲಿತ್ತು. ಮ್ಯಾನೇಜರಿಗೆ ಹೇಳಿದೆ. ವಾರ ಮುಗಿಯುವ ಗಡುವಿತ್ತು, "ನೋಡೋಣ" ಎಂದರು. ನಾನೂ ಮತ್ತೆ ಕೇಳಲಿಲ್ಲ, ಕೆಲಸ ಮುಗಿಸಿದೆ. ಕೀಲಿ ಹಾಕುವ ಎಲ್ಲ ವಿದ್ಯೆ ಅಂದೂ ನಮಗೆ ಗೊತ್ತಿತ್ತು. ಆ ಹೆಸರು ಇಂದಿಗೂ ನೆನಪಿದೆ.

ಮತ್ತೆ 2021ಕ್ಕೆ ಬರೋಣ. ಕೋವಿನ್ ಪ್ರಮಾಣಪತ್ರದ ಹಿಂದಿದ್ದ ತಂತ್ರಾಂಶದ ಹೆಸರು ಡೈವಾಕ್. ಅದು ಹುಟ್ಟಿದ್ದು ಬೆಂಗಳೂರಿನ ಇಗವ್ ಫೌಂಡೇಷನ್ನಿನಲ್ಲಿ, ಯಾರು ಬೇಕಾದರೂ ಬಳಸಲಿ ಎಂದು ಅದನ್ನು ಮುಕ್ತವಾಗಿಟ್ಟರು. ಶ್ರೀಲಂಕಾ, ಫಿಲಿಪೀನ್ಸ್ ಅದನ್ನೇ ಬಳಸಿದವು. ಹಳದಿ ಕಾರ್ಡಿನ ರಬ್ಬರ್ ಮೊಹರಿನ ರೋಗಕ್ಕೆ ಇಲ್ಲಿ ಮದ್ದು ಇತ್ತು. ಕ್ಯೂಆರ್ ಚೌಕದೊಳಗೆ ಇರುವ ಮಾಹಿತಿಗೆ ಒಂದು ಡಿಜಿಟಲ್ ಸಹಿ ಇರುತ್ತದೆ. ಹಿಂದೆ ಪಾರ್ಸೆಲ್ಲಿಗೆ ಅರಗಿನ ಮುದ್ರೆ ಒತ್ತುತ್ತಿದ್ದರಲ್ಲ, ಹಾಗೆ. ಒತ್ತುವ ಅಚ್ಚು ಕೊಡುವವನ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಮುದ್ರೆ ಅದೇ ಅಚ್ಚಿನದೋ ಎಂದು ನೋಡುವ ಕನ್ನಡಿಯನ್ನು ಮಾತ್ರ ಜಗತ್ತಿಗೆಲ್ಲ ಹಂಚಬಹುದು. ಒಳಗಿನ ಒಂದಕ್ಷರ ಬದಲಾದರೂ ಮುದ್ರೆ ಒಡೆದದ್ದು ತಿಳಿಯುತ್ತದೆ. ಲಂಡನ್ನಿನ ಅಧಿಕಾರಿ ದೆಹಲಿಯ ಡೇಟಾಬೇಸಿಗೆ ಕೈ ಹಾಕಬೇಕಿಲ್ಲ, ಅವ್ವನ ಬೇರೆ ಯಾವ ಕಾಯಿಲೆಯೂ ಅವನಿಗೆ ತಿಳಿಯಬೇಕಿಲ್ಲ.

ಇಷ್ಟೆಲ್ಲ ಇದ್ದೂ ಸಿಕ್ಕಿಬಿದ್ದದ್ದು ಹುಟ್ಟಿದ ದಿನದಲ್ಲಿ. ಬ್ರಿಟನ್ ಕೇಳಿದ್ದು ದಿನ, ತಿಂಗಳು, ವರ್ಷ. ನಮ್ಮ ಪತ್ರದಲ್ಲಿದ್ದದ್ದು ವಯಸ್ಸು. ನೋಂದಾಯಿಸುವಾಗ ಹುಟ್ಟಿದ ವರ್ಷ ಮಾತ್ರ ಕೇಳಿದ್ದರು, ಕೋಟ್ಯಂತರ ಜನಕ್ಕೆ ದಿನ ಗೊತ್ತಿಲ್ಲದ ದೇಶದಲ್ಲಿ ಅದು ವಿವೇಕವೇ ಆಗಿತ್ತು. ತಗಾದೆ ಪೂರ್ತಿ ತಾಂತ್ರಿಕವಾಗಿತ್ತು ಎಂದು ನಾನೂ ನಂಬುವುದಿಲ್ಲ. ಅಕ್ಟೋಬರ್ 4ರಿಂದ ಬ್ರಿಟನ್ನಿನಿಂದ ಬರುವವರಿಗೆ ಭಾರತವೂ ಹತ್ತು ದಿನದ ಪ್ರತ್ಯೇಕವಾಸ ಹಾಕಿತು. ಕೊಟ್ಟದ್ದಕ್ಕೆ ಕೊಟ್ಟಂತಾಯಿತು. ಈ ನಡುವೆ ಪ್ರವಾಸಿಗರ ಪ್ರಮಾಣಪತ್ರಕ್ಕೆ ಪೂರ್ತಿ ಹುಟ್ಟುದಿನ ಸೇರಿಸುವ ಸೌಲಭ್ಯ ಕೋವಿನ್‌ನಲ್ಲಿ ಬಂತು. ಅಕ್ಟೋಬರ್ 11ರಿಂದ ಬ್ರಿಟನ್ ಕೋವಿಶೀಲ್ಡ್ ಹಾಕಿಸಿಕೊಂಡವರಿಗೆ ವಿನಾಯಿತಿ ಕೊಟ್ಟಿತು, ಭಾರತವೂ ತನ್ನದನ್ನು ಹಿಂತೆಗೆದುಕೊಂಡಿತು.

ಹುಟ್ಟಿದ ವರ್ಷವನ್ನು ಒಂದೇ ಸಲ ತಿದ್ದಲು ಅವಕಾಶ. ನಾನು ಅವ್ವನ ಪಕ್ಕ ಕೂತು 1952 ಅಳಿಸಿ 1954 ಮಾಡಿದೆ, ಜೂನ್ 1 ಹಾಕಿದೆ. ಹೊಸ ಪತ್ರ ಬಂತು. ಕ್ಯೂಆರ್ ಒತ್ತಿ ನೋಡಿದರೆ ಹಸಿರು ಗುರುತು. ಮಾಸ್ತರರ ಅಂದಾಜಿಗೆ ಈಗ ಯಾರೂ ಒಡೆಯಲಾಗದ ಮುದ್ರೆ ಬಿದ್ದಿತ್ತು. ಸಹಿ ಹೇಳುವುದು ಇಷ್ಟೇ: ಈ ಮಾತನ್ನು ಇಂಥವರು ಆಡಿದ್ದಾರೆ, ನಡುವೆ ಯಾರೂ ಕೈಯಾಡಿಸಿಲ್ಲ. ಆಡಿದ ಮಾತು ನಿಜವೋ ಎಂಬುದು ಮಾಂಡವಿಯಲ್ಲಿ ವಿಯೇಗಾಸರು ರೋಗಿಯ ಪಕ್ಕ ನಿಂತಾಗ ಇದ್ದಷ್ಟೇ ಕಷ್ಟದ ವಿಚಾರವಾಗಿ ಉಳಿದಿದೆ.

ಅದಾದ ಮೇಲೆ ಬಹಳ ನಡೆದಿದೆ. 2023ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಯುರೋಪಿನ ಕೋವಿಡ್ ಪತ್ರದ ವ್ಯವಸ್ಥೆಯನ್ನು ಎತ್ತಿಕೊಂಡು ಒಂದು ಜಾಗತಿಕ ಜಾಲ ಮಾಡಿತು. ಅಲ್ಲಿ ದೇಶಗಳು ಹಂಚಿಕೊಳ್ಳುವುದು ಆ ಕನ್ನಡಿಗಳನ್ನಷ್ಟೇ, ರೋಗಿಗಳ ಮಾಹಿತಿ ಆ ಜಾಲದಲ್ಲಿ ಇರುವುದೇ ಇಲ್ಲ. 2024ರ ಹಜ್‌ನಲ್ಲಿ ಇಂಡೊನೇಷ್ಯಾ, ಮಲೇಷ್ಯಾ, ಒಮಾನ್ ಯಾತ್ರಿಕರು ತಮ್ಮ ಕಾಯಿಲೆ, ಔಷಧ, ಅಲರ್ಜಿಯ ಸಾರಾಂಶವನ್ನು ಈ ಬಗೆಯ ಕಾರ್ಡಿನಲ್ಲಿ ಜೊತೆಗೊಯ್ದರು. ಕಮರಾನ್ ದ್ವೀಪದಲ್ಲಿ ಇಳಿಸಲ್ಪಟ್ಟ ಯಾತ್ರಿಕರನ್ನು ನೆನೆದರೆ ಇದು ಸಣ್ಣ ದೂರವಲ್ಲ. ಅಂದು ಅಧಿಕಾರಿಗೆ ಬೇಕಾಗಿದ್ದ ಮಾಹಿತಿ ಯಾತ್ರಿಕನನ್ನು ತಡೆಯಲು. ಇಂದು ಅದು ಬಿಸಿಲಿಗೆ ಕುಸಿದವನಿಗೆ ಯಾವ ಮಾತ್ರೆ ಕೊಡಬಾರದು ಎಂದು ತಿಳಿಯಲು. ನಮ್ಮಲ್ಲಿ 2023ರ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ. ಸರ್ಕಾರ ನಿರ್ಬಂಧಿಸಿದ ದೇಶಗಳನ್ನು ಬಿಟ್ಟು ಉಳಿದೆಡೆ ಮಾಹಿತಿ ಕಳಿಸಬಹುದು ಎನ್ನುತ್ತದೆ ಅದು. ಆರೋಗ್ಯದ ಮಾಹಿತಿಯನ್ನು ಯುರೋಪಿನ ಕಾನೂನಿನಂತೆ ವಿಶೇಷವೆಂದು ಬೇರೆ ಇಟ್ಟಿಲ್ಲ. ಅದು ಕೊರತೆಯೆಂದೇ ನನ್ನ ಅನಿಸಿಕೆ.

ದೇಶಗಳ ಗಡಿಯ ಮಾತು ಹೀಗಾದರೆ ರಾಜ್ಯಗಳದು? 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿ, ಕಾಸರಗೋಡಿನ ರೋಗಿಗಳು ತಲೆಮಾರುಗಳಿಂದ ಹೋಗುತ್ತಿದ್ದ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾಗದೆ ಕಂಗಾಲಾದರು. ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರೆಂದು ಕೇರಳ ದೂರಿತು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿ, ಕೊನೆಗೆ ಕೋವಿಡ್ ಇಲ್ಲವೆಂದು ವೈದ್ಯರ ಪ್ರಮಾಣಪತ್ರ ತಂದ ರೋಗಿಗಳನ್ನು ಬಿಡುವ ಏರ್ಪಾಡಾಯಿತು. ಅದೇ 'ಕ್ಲೀನ್' ಪತ್ರ, ಈ ಸಲ ಹಡಗಿಗಲ್ಲ, ಆಂಬುಲೆನ್ಸಿಗೆ. ಪರಳದ ಟಾಟಾ ಆಸ್ಪತ್ರೆಯ ಹೊರಗೆ ಯಾವ ಬೆಳಿಗ್ಗೆ ಹೋದರೂ ಬಾಗಲಕೋಟೆ, ಕಲಬುರಗಿ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಎಕ್ಸ್‌ರೇ, ರಕ್ತದ ರಿಪೋರ್ಟು, ಊರಿನ ಡಾಕ್ಟರ ಚೀಟಿ. 2019ರ ಜನವರಿಯಿಂದ ಫಿನ್ಲೆಂಡಿನ ವೈದ್ಯರು ಬರೆದ ಔಷಧವನ್ನು ಎಸ್ಟೋನಿಯಾದ ಅಂಗಡಿಯಲ್ಲಿ ಕಾಗದವಿಲ್ಲದೆ ಕೊಳ್ಳಬಹುದಾಗಿದೆ. ನಮ್ಮವರು ಮಳೆಗಾಲದಲ್ಲಿ ಆ ಚೀಲವನ್ನು ಸೆರಗಿನೊಳಗೆ ಮುಚ್ಚಿಕೊಂಡು ಲೋಕಲ್ ಟ್ರೇನ್ ಇಳಿಯುತ್ತಾರೆ.

ತಂಗಿಗೆ ಹೆಣ್ಣು ಮಗುವಾದದ್ದು ಅಕ್ಟೋಬರ್ 6ಕ್ಕೆ. ಅವ್ವ ವಿಮಾನ ಹತ್ತಿದ್ದು 13ಕ್ಕೆ. ಏಳು ದಿನ ತಡ. ಆ ಏಳು ದಿನ ತಂಗಿ ವಿಡಿಯೋದಲ್ಲಿ ಮಗುವನ್ನು ತೋರಿಸಿ, "ಅಣ್ಣಾ, ಇಕೀಗೆ ನೀರು ಹೆಂಗ ಹಾಕೂದು ಅವ್ವನ್ನ ಕೇಳು" ಎನ್ನುವುದು, ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡು ಎರಡೂ ಕಾಲು ಚಾಚಿ ಕೂತು ಮಗುವಿಲ್ಲದ ಮಡಿಲಲ್ಲಿ ಮಾಡಿ ತೋರಿಸುವುದು ನಡೆದಿತ್ತು.

ಹೀಥ್ರೋದಲ್ಲಿ ಅವ್ವನ ಕ್ಯೂಆರ್ ಅನ್ನು ಯಾರೂ ನೋಡಲೇ ಇಲ್ಲವಂತೆ. ಈಗ ಪ್ರತಿ ಜೂನ್ 1ರಂದು ಲಂಡನ್ನಿನಿಂದ ಆ ಮೊಮ್ಮಗಳು ಕರೆ ಮಾಡಿ ಹುಟ್ಟುಹಬ್ಬದ ಶುಭಾಶಯ ಹೇಳುತ್ತಾಳೆ. ಅವ್ವ ಪ್ರತಿ ಸಲವೂ ಖುಷಿಯಿಂದ "ಹೂಂ ಬಂಗಾರಾ" ಎಂದು ಕೇಳಿಸಿಕೊಂಡು, ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿ, ಸೀಗೀ ಹುಣ್ಣಿವಿ ಈ ವರ್ಷ ಯಾವತ್ತ ಬಂದೈತಿ ನೋಡಂತ ಕ್ಯಾಲೆಂಡರ್ ತರಿಸುತ್ತಾಳೆ.